ಒಲಿಂಪಿಕ್ಸ್ ರದ್ದು ಮಾಡುವ ಪೆನ್ನು ಯಾರ ಕೈಯಲ್ಲಿದೆ?

2021ರ ಜೂನ್ 1ರ ಬೆಳಿಗ್ಗೆ ಆಸ್ಟ್ರೇಲಿಯಾದ ಮಹಿಳಾ ಸಾಫ್ಟ್‌ಬಾಲ್ ತಂಡ ಟೋಕಿಯೊ ಹತ್ತಿರದ ನರಿಟಾ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಒಲಿಂಪಿಕ್ಸ್‌ಗೆ ಮುಂಚಿನ ತರಬೇತಿಗಾಗಿ ಅವರು ಬಂದಿದ್ದರು. ಅದಕ್ಕೆ ನಾಲ್ಕು ದಿನ ಮೊದಲಷ್ಟೇ ಜಪಾನ್ ಸರ್ಕಾರ ಟೋಕಿಯೊ ಮತ್ತು ಇನ್ನೂ ಹಲವು ಕಡೆ ಕೊರೊನಾ ತುರ್ತು ಪರಿಸ್ಥಿತಿಯನ್ನು ಜೂನ್ 20ರವರೆಗೆ ವಿಸ್ತರಿಸಿತ್ತು. ಬಾರ್‌ಗಳಲ್ಲಿ ಮದ್ಯ ಕೊಡಬೇಡಿ, ರಾತ್ರಿ ಎಂಟಕ್ಕೆ ಹೋಟೆಲ್ ಮುಚ್ಚಿ ಅಂತ ಅಲ್ಲಿನ ಜನರಿಗೆ ಹೇಳಲಾಗಿತ್ತು. ಜುಲೈ 23ರಿಂದ ಸುಮಾರು 11 ಸಾವಿರ ಕ್ರೀಡಾಪಟುಗಳು ಅದೇ ಊರಿನಲ್ಲಿ ಸೇರಲಿದ್ದಾರೆ ಅಂತಲೂ ಹೇಳಲಾಗಿತ್ತು.

ಮೇ 29ರಂದು ಬಿಸಿಸಿಐ ಕೂಡ ಒಂದು ತೀರ್ಮಾನ ತಿಳಿಸಿತು. ಅರ್ಧಕ್ಕೆ ನಿಂತ ಐಪಿಎಲ್ ಸೆಪ್ಟೆಂಬರ್‌ನಿಂದ ಯುಎಇಯಲ್ಲಿ ಮುಂದುವರಿಯಲಿದೆ ಅನ್ನುವುದು ಆ ತೀರ್ಮಾನ. ಮೇ 31ರಂದು ಕೋಪಾ ಅಮೆರಿಕ ಫುಟ್‌ಬಾಲ್ ಟೂರ್ನಿಯನ್ನು ಅರ್ಜೆಂಟೀನಾದಿಂದ ಬ್ರೆಜಿಲ್‌ಗೆ ವರ್ಗಾಯಿಸಲಾಯಿತು. ಅರ್ಜೆಂಟೀನಾದಲ್ಲಿ ಸೋಂಕು ಜಾಸ್ತಿ ಅನ್ನುವುದು ಕಾರಣ. ಆದರೆ ಬ್ರೆಜಿಲ್‌ನಲ್ಲಿ ಸತ್ತವರ ಸಂಖ್ಯೆ ಆಗಲೇ ನಾಲ್ಕೂವರೆ ಲಕ್ಷ ದಾಟಿತ್ತು.

ಈ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಇಷ್ಟು ಕಷ್ಟವಿದ್ದರೆ ಸುಮ್ನೆ ರದ್ದು ಮಾಡಬಹುದಲ್ವಾ? 2020ರಲ್ಲಿ ವಿಂಬಲ್ಡನ್ ಟೆನಿಸ್‌ನವರು ಮಾಡಲಿಲ್ಲವೇ? ಉತ್ತರ ಸಿಗಬೇಕಾದರೆ ಸೋಂಕಿನ ಅಂಕಿಅಂಶ ನೋಡಿದರೆ ಸಾಲದು. ಒಪ್ಪಂದದ ಕಾಗದ, ವಿಮೆಯ ಪಾಲಿಸಿ, ಟಿವಿ ಹಕ್ಕಿನ ಮೊತ್ತ, ಇವನ್ನೂ ನೋಡಬೇಕಾಗುತ್ತದೆ.

ರದ್ದು ಬೇರೆ, ಮುಂದೂಡಿಕೆ ಬೇರೆ

ಮೈದಾನ ಖಾಲಿ ಇರುವುದನ್ನು ನೋಡುವವರಿಗೆ ಎರಡೂ ಒಂದೇ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇವೆರಡಕ್ಕೂ ತುಂಬ ದೂರ.

ಕೂಟವನ್ನು ಮುಂದೂಡಿದರೆ ಪ್ರಾಯೋಜಕರ ಜೊತೆಗಿನ ಒಪ್ಪಂದವನ್ನು ಮಾತಾಡಿ ಉಳಿಸಿಕೊಳ್ಳಬಹುದು. ಟಿವಿ ಕಂಪನಿಯ ಹಣ ತಡವಾದರೂ ಬರುತ್ತದೆ. ಮಾರಿದ ಟಿಕೆಟ್‌ಗಳನ್ನು ಹೊಸ ದಿನಾಂಕಕ್ಕೆ ಒಪ್ಪಿಕೊಳ್ಳಬಹುದು. ರದ್ದು ಮಾಡಿದರೆ ಟಿಕೆಟ್ ಹಣ ವಾಪಸ್ ಕೊಡಬೇಕು. ಪ್ರಸಾರವೇ ಇಲ್ಲದ ಮೇಲೆ ಪ್ರಸಾರದ ಹಣವೂ ಇಲ್ಲ. ಆಮೇಲೆ ನಷ್ಟ ಯಾರ ತಲೆ ಮೇಲೆ ಅನ್ನುವ ಜಗಳ ಶುರುವಾಗುತ್ತದೆ. ಹಾಗಾಗಿ ಆಯೋಜಕರು ಕೈಲಾದಷ್ಟು ದಿನ 'ಮುಂದೂಡಿಕೆ', 'ತಾತ್ಕಾಲಿಕ ಸ್ಥಗಿತ' ಅನ್ನುವ ಪದಗಳನ್ನೇ ಹಿಡಿದುಕೊಂಡಿರುತ್ತಾರೆ. 2020ರ ಐಪಿಎಲ್ ಅನ್ನೇ ನೋಡಿ. ಮಾರ್ಚ್ 29ಕ್ಕೆ ಶುರುವಾಗಬೇಕಿತ್ತು. ಮೊದಲು ಏಪ್ರಿಲ್ 15ಕ್ಕೆ ಹೋಯಿತು, ನಂತರ ಅನಿರ್ದಿಷ್ಟಾವಧಿಗೆ. ಕೊನೆಗೆ ಸೆಪ್ಟೆಂಬರ್ 19ರಂದು ಯುಎಇಯಲ್ಲಿ ಶುರುವಾಯಿತು. ಮಂಡಳಿ ಅದನ್ನು ರದ್ದು ಮಾಡಲಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲರೂ ಯಾಕೆ ನಿಲ್ಲಿಸಿದರು?

ಆಗ ಭಯಕ್ಕೆ ಗಟ್ಟಿ ಕಾರಣವಿತ್ತು. 2020ರ ಫೆಬ್ರುವರಿ 19ರಂದು ಇಟಲಿಯ ಮಿಲಾನ್‌ನಲ್ಲಿ ಅಟಲಾಂಟಾ ಮತ್ತು ವೆಲೆನ್ಸಿಯಾ ತಂಡಗಳ ಫುಟ್‌ಬಾಲ್ ಪಂದ್ಯ ನಡೆಯಿತು. ಅಟಲಾಂಟಾ ಬೆರ್ಗಾಮೊ ಊರಿನ ತಂಡ. 40 ಸಾವಿರಕ್ಕೂ ಹೆಚ್ಚು ಜನ ಬಸ್ಸು, ರೈಲು, ಕಾರುಗಳಲ್ಲಿ ಮಿಲಾನ್‌ಗೆ ಬಂದರು. ಒಟ್ಟಿಗೆ ಕೂಗಿದರು, ಗೋಲು ಬಿದ್ದಾಗಲೆಲ್ಲ ತಬ್ಬಿಕೊಂಡರು. ಕೆಲವೇ ವಾರಗಳಲ್ಲಿ ಬೆರ್ಗಾಮೊ ಯುರೋಪಿನಲ್ಲಿ ಅತಿ ಹೆಚ್ಚು ಸಾವು ಕಂಡ ಜಾಗಗಳಲ್ಲಿ ಒಂದಾಯಿತು. ಆ ಒಂದು ಪಂದ್ಯವೇ ಎಲ್ಲಕ್ಕೂ ಕಾರಣ ಅನ್ನಲಾಗದು. ಆದರೂ ಸೋಂಕು ಹರಡುವುದಕ್ಕೆ ಅದು ದೊಡ್ಡ ದಾರಿ ಮಾಡಿಕೊಟ್ಟಿತು ಅಂತ ಅಲ್ಲಿನ ವೈದ್ಯರೇ ಹೇಳಿದರು.

ಇಲ್ಲಿ ಗಮನಿಸಬೇಕಾದ್ದು, ಅಪಾಯ ಮೈದಾನದೊಳಗಿನ 22 ಜನರಿಗಷ್ಟೇ ಇರಲಿಲ್ಲ. ಗ್ಯಾಲರಿ, ರೈಲು, ಬಾರು, ಹೋಟೆಲು, ಎಲ್ಲ ಕಡೆ ಅದು ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 11ರಂದು ಇದನ್ನು ಜಾಗತಿಕ ಪಿಡುಗು ಅಂತ ಕರೆಯಿತು. ಅದೇ ದಿನ ಒಬ್ಬ ಆಟಗಾರನಿಗೆ ಸೋಂಕು ಕಂಡದ್ದರಿಂದ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ನಿಂತಿತು. ಮಾರ್ಚ್ 17ರಂದು ಯೂರೊ ಫುಟ್‌ಬಾಲ್ ಒಂದು ವರ್ಷ ಮುಂದೆ ಹೋಯಿತು.

ಒಲಿಂಪಿಕ್ಸ್ ಮಾತ್ರ ಅಷ್ಟು ಬೇಗ ಜಗ್ಗಲಿಲ್ಲ. ಮಾರ್ಚ್ 22ರಂದು ಕೆನಡಾ ತನ್ನವರನ್ನು ಕಳಿಸುವುದಿಲ್ಲ ಅಂದಿತು. ಮರುದಿನ ಆಸ್ಟ್ರೇಲಿಯಾ, 2021ಕ್ಕೆ ಸಿದ್ಧರಾಗಿ ಅಂತ ತನ್ನ ಕ್ರೀಡಾಪಟುಗಳಿಗೆ ಹೇಳಿತು. ಅದರ ಮರುದಿನ, ಮಾರ್ಚ್ 24ರಂದು, ಆಗಿನ ಪ್ರಧಾನಿ ಶಿಂಜೊ ಅಬೆ ಮತ್ತು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಆಗಿನ ಅಧ್ಯಕ್ಷ ಥಾಮಸ್ ಬಾಕ್ ಫೋನಿನಲ್ಲಿ ಮಾತಾಡಿ ಮುಂದೂಡಲು ಒಪ್ಪಿದರು. ಮಹಾಯುದ್ಧಗಳಿಂದಾಗಿ 1916, 1940 ಮತ್ತು 1944ರ ಒಲಿಂಪಿಕ್ಸ್ ರದ್ದಾಗಿದ್ದವು. ಆ 1940ರ ಕೂಟವನ್ನೂ ಮೊದಲು ಟೋಕಿಯೊಗೇ ಕೊಟ್ಟಿದ್ದರು. ಆದರೆ ಒಲಿಂಪಿಕ್ಸ್ ಮುಂದೆ ಹೋದದ್ದು ಇದೇ ಮೊದಲು.

ಒಪ್ಪಂದ ಏನು ಹೇಳುತ್ತದೆ?

2013ರಲ್ಲಿ ಟೋಕಿಯೊಗೆ ಆತಿಥ್ಯ ಸಿಕ್ಕಾಗ ಐಒಸಿ, ಟೋಕಿಯೊ ನಗರಾಡಳಿತ ಮತ್ತು ಜಪಾನ್ ಒಲಿಂಪಿಕ್ ಸಮಿತಿ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯುದ್ಧ ಬಂದರೆ, ಅಥವಾ ಭಾಗವಹಿಸುವವರ ಸುರಕ್ಷತೆಗೆ ಗಂಭೀರ ಅಪಾಯವಿದೆ ಅನಿಸಿದರೆ ಕೂಟವನ್ನು ಕೈಬಿಡುವ ಹಕ್ಕು ಐಒಸಿಗೆ ಇತ್ತು. ಟೋಕಿಯೊಗೆ ಅಂಥ ಹಕ್ಕು ಇರಲಿಲ್ಲ. ಐಒಸಿ ಕೈಬಿಟ್ಟರೆ ನಗರ ಪರಿಹಾರ ಕೇಳುವಂತಿಲ್ಲ ಅನ್ನುವುದೂ ಅದರಲ್ಲೇ ಇತ್ತು.

ಇದರ ಪರಿಣಾಮ ನೋಡಿ. ಆಸ್ಪತ್ರೆಗಳು ತುಂಬಿದರೆ ಕಷ್ಟ ಟೋಕಿಯೊ ಜನಕ್ಕೆ. ಕೂಟ ಬೇಡ ಅನ್ನುವ ಅಧಿಕಾರ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಕೂತಿರುವ ಸಂಸ್ಥೆಗೆ. ಜಪಾನ್ ತಾನಾಗಿ ಬೇಡ ಅಂದಿದ್ದರೆ ಒಪ್ಪಂದ ಮುರಿದಂತಾಗುತ್ತಿತ್ತು. ನಷ್ಟವೆಲ್ಲ ಅದರ ಮೇಲೆ ಬೀಳಬಹುದಿತ್ತು. ಒಂದು ಸರ್ಕಾರ ತನ್ನ ಗಡಿ ಮುಚ್ಚಿದರೆ ಯಾರೂ ತಡೆಯಲಾರರು, ಅದು ನಿಜ. ಸಾಂಕ್ರಾಮಿಕದ ನಡುವೆ ಐಒಸಿ ಕೋರ್ಟಿಗೆ ಹೋಗಿ ಹೆಸರು ಕೆಡಿಸಿಕೊಳ್ಳುವುದೂ ಅನುಮಾನವೇ ಆಗಿತ್ತು. ಆದರೂ ಆ ಅನುಮಾನವನ್ನೇ ನಂಬಿ ದೊಡ್ಡ ಹೆಜ್ಜೆ ಇಡಲು ಅಬೆ ನಂತರ ಪ್ರಧಾನಿಯಾಗಿದ್ದ ಯೊಶಿಹಿದೆ ಸುಗಾ ಸಿದ್ಧರಿರಲಿಲ್ಲ. ಆ ವರ್ಷವೇ ಅವರು ಚುನಾವಣೆಯನ್ನೂ ಎದುರಿಸಬೇಕಿತ್ತು.

ಐಒಸಿಯ ನಿಲುವು ಸ್ಪಷ್ಟವಾಗಿತ್ತು. ಟೋಕಿಯೊದಲ್ಲಿ ತುರ್ತು ಪರಿಸ್ಥಿತಿ ಇದ್ದರೂ ಕೂಟ ನಡೆಯುತ್ತದೆಯೇ ಅಂತ ಮೇ 21ರಂದು ಕೇಳಿದಾಗ, ಖಂಡಿತ ನಡೆಯುತ್ತದೆ ಅಂತ ಅದರ ಆಗಿನ ಉಪಾಧ್ಯಕ್ಷ ಜಾನ್ ಕೋಟ್ಸ್ ಉತ್ತರಿಸಿದರು. ಜಪಾನಿನ ಜನರನ್ನು ತುಂಬ ಕೆರಳಿಸಿದ್ದು ಆ ಉತ್ತರ.

ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ?

ಆಗ ಐಒಸಿಯ ಆದಾಯದಲ್ಲಿ ಸುಮಾರು ಮುಕ್ಕಾಲು ಪಾಲು ಟಿವಿ ಹಕ್ಕಿನದಾಗಿತ್ತು. ಅಮೆರಿಕದ ಎನ್‌ಬಿಸಿ ವಾಹಿನಿಯೊಂದೇ 2014ರಿಂದ ಟೋಕಿಯೊವರೆಗಿನ ನಾಲ್ಕು ಕೂಟಗಳಿಗೆ 438 ಕೋಟಿ ಡಾಲರ್ ಒಪ್ಪಿಕೊಂಡಿತ್ತು. ಟಿವಿಯವರಿಗೆ ಗ್ಯಾಲರಿ ತುಂಬಿರಲೇಬೇಕು ಅಂತಿಲ್ಲ. ಸ್ಪರ್ಧೆ ನಡೆದರೆ ಸಾಕು. ವಿದೇಶಿ ಪ್ರೇಕ್ಷಕರು ಬೇಡ ಅನ್ನುವ ತೀರ್ಮಾನ 2021ರ ಮಾರ್ಚ್‌ನಲ್ಲೇ ಬಂತು, ಆದರೆ ಸ್ಪರ್ಧೆಗಳನ್ನು ಕೈಬಿಡುವ ಮಾತು ಬರಲಿಲ್ಲ. ಪ್ರೇಕ್ಷಕರಿಲ್ಲದಿದ್ದರೆ ಹೋಗುವುದು ಟಿಕೆಟ್ ಹಣ. ಅದು ಸುಮಾರು 9 ಸಾವಿರ ಕೋಟಿ ಯೆನ್, ಅದೂ ಜಪಾನಿನ ಸಂಘಟಕರದ್ದು. ಐಒಸಿಯ ಟಿವಿ ಹಣ ಹಾಗೇ ಉಳಿಯುತ್ತದೆ.

ಇದನ್ನು ಬರೀ ದುರಾಸೆ ಅಂತ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ತನ್ನ ಆದಾಯದ ಶೇ 90ರಷ್ಟನ್ನು ಕ್ರೀಡೆಗೇ ಹಂಚುವುದಾಗಿ ಐಒಸಿ ಹೇಳುತ್ತದೆ. ಫುಟ್‌ಬಾಲ್, ಟೆನಿಸ್‌ಗೆ ಬೇರೆ ಆದಾಯವಿದೆ. ಬಿಲ್ಲುಗಾರಿಕೆ, ರೋಯಿಂಗ್, ಕುಸ್ತಿಯಂಥ ಕ್ರೀಡೆಗಳ ಒಕ್ಕೂಟಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಈ ಪಾಲೇ ದೊಡ್ಡ ಆಧಾರ. ಅದು ತಪ್ಪಿದರೆ ಬಡ ದೇಶಗಳ ತರಬೇತಿ ಶಿಬಿರಗಳಿಗೂ ಪೆಟ್ಟು ಬೀಳುತ್ತದೆ.

ಜಪಾನ್ ಕಡೆಯ ಲೆಕ್ಕ ಬೇರೆ. ಕೂಟದ ಆಗಿನ ಅಧಿಕೃತ ಅಂದಾಜು ವೆಚ್ಚ 1.64 ಲಕ್ಷ ಕೋಟಿ ಯೆನ್, ಅಂದರೆ ಆಗಿನ ದರದಲ್ಲಿ ನಮ್ಮ ಹಣದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಮುಂದೂಡಿದ್ದಕ್ಕೇ 29,400 ಕೋಟಿ ಯೆನ್ ಹೆಚ್ಚುವರಿ ಖರ್ಚು ಅಂತ ಲೆಕ್ಕ ಹಾಕಿದ್ದರು. ರದ್ದಾದರೆ ಸುಮಾರು 1.8 ಲಕ್ಷ ಕೋಟಿ ಯೆನ್ ನಷ್ಟ ಅಂತ ನೊಮುರಾ ಸಂಶೋಧನಾ ಸಂಸ್ಥೆಯ ಅರ್ಥಶಾಸ್ತ್ರಜ್ಞರೊಬ್ಬರು ಮೇ ತಿಂಗಳಲ್ಲಿ ಅಂದಾಜಿಸಿದರು. ಜೊತೆಗೆ ಅವರು ಇನ್ನೊಂದು ಮಾತನ್ನೂ ಹೇಳಿದರು. 2020ರ ಮೊದಲ ತುರ್ತು ಪರಿಸ್ಥಿತಿಯಿಂದ ಆದ ನಷ್ಟ 6.4 ಲಕ್ಷ ಕೋಟಿ ಯೆನ್. ಅಂದರೆ ಕೂಟದಿಂದ ಸೋಂಕು ಹರಡಿ ಮತ್ತೊಮ್ಮೆ ಊರು ಮುಚ್ಚಬೇಕಾಗಿ ಬಂದರೆ, ರದ್ದು ಮಾಡಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಹೋಗುತ್ತದೆ. 'ಇಷ್ಟು ಖರ್ಚು ಮಾಡಿಯಾಗಿದೆ, ಈಗ ಬಿಡುವುದು ಹೇಗೆ' ಅನ್ನುವ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಇನ್ನೊಂದು ಕಾಣುತ್ತಿಲ್ಲ.

ಇನ್ನೊಂದು ವರ್ಷ ಮುಂದೂಡಬಹುದಲ್ವಾ ಅಂತ ಕೇಳುವವರಿದ್ದರು. 2022ರ ಫೆಬ್ರುವರಿಯಲ್ಲಿ ಬೀಜಿಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಇತ್ತು. ಕಾಮನ್‌ವೆಲ್ತ್ ಕೂಟ, ಏಷ್ಯನ್ ಕ್ರೀಡಾಕೂಟ, ಕತಾರ್‌ನ ಫುಟ್‌ಬಾಲ್ ವಿಶ್ವಕಪ್ ಎಲ್ಲವೂ ಅದೇ ವರ್ಷ ನಡೆಯಬೇಕಿತ್ತು. ಟೋಕಿಯೊದ ಕ್ರೀಡಾಗ್ರಾಮವನ್ನು ಕೂಟದ ನಂತರ ಮನೆಗಳಾಗಿ ಮಾರುವ ಯೋಜನೆಯಿದ್ದು, ಕೆಲವು ಮನೆಗಳ ಮಾರಾಟ ಆಗಲೇ ಆಗಿತ್ತು. ಕೊಂಡವರು ಎಷ್ಟು ವರ್ಷ ಕಾಯುತ್ತಾರೆ? ಹಾಗಾಗಿ ಆಗ ಉಳಿದಿದ್ದು ಎರಡೇ ದಾರಿ. ನಡೆಸುವುದು, ಇಲ್ಲವೇ ಕೈಬಿಡುವುದು.

ವಿಂಬಲ್ಡನ್‌ಗೆ ಸುಲಭವಾದದ್ದು ಹೇಗೆ?

2020ರ ಏಪ್ರಿಲ್ 1ರಂದು ವಿಂಬಲ್ಡನ್ ರದ್ದಾಯಿತು. ಎರಡನೇ ಮಹಾಯುದ್ಧದ ನಂತರ ಹಾಗಾದದ್ದು ಅದೇ ಮೊದಲು. ಅದೇ ವರ್ಷ ಫ್ರೆಂಚ್ ಓಪನ್ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಗೆ ಹೋಗಿ ನಡೆದೇ ಬಿಟ್ಟಿತು. ವಿಂಬಲ್ಡನ್‌ಗೆ ಅದು ಆಗದಿರಲು ಒಂದು ಕಾರಣ ಹುಲ್ಲು. ಇಂಗ್ಲೆಂಡಿನಲ್ಲಿ ಬೇಸಿಗೆ ಮುಗಿದರೆ ಬೆಳಕು ಬೇಗ ಇಳಿಯುತ್ತದೆ, ಸಂಜೆಗೆ ಇಬ್ಬನಿ ಬಿದ್ದು ಅಂಕಣ ಜಾರುತ್ತದೆ.

ಇನ್ನೊಂದು ಕಾರಣ ವಿಮೆ. 2003ರ ಸಾರ್ಸ್ ಸೋಂಕಿನ ನಂತರ ವಿಂಬಲ್ಡನ್ ನಡೆಸುವ ಕ್ಲಬ್ಬು ತನ್ನ ಪಾಲಿಸಿಯಲ್ಲಿ ಸಾಂಕ್ರಾಮಿಕ ರೋಗವನ್ನೂ ಸೇರಿಸಿಕೊಂಡಿತ್ತು. ವರದಿಗಳ ಪ್ರಕಾರ ವರ್ಷಕ್ಕೆ ಸುಮಾರು 15 ಲಕ್ಷ ಪೌಂಡ್ ಕಂತು ಕಟ್ಟುತ್ತಿತ್ತು. ರದ್ದಾದಾಗ ಕೈಗೆ ಬಂದದ್ದು 11 ಕೋಟಿ ಪೌಂಡ್‌ಗೂ ಹೆಚ್ಚು. ಅದರ ಬಲದಿಂದಲೇ 620 ಆಟಗಾರರಿಗೆ ಒಟ್ಟು 1 ಕೋಟಿ ಪೌಂಡ್ ಹಂಚಲು ಸಾಧ್ಯವಾಯಿತು.

ಇದಾದ ಮೇಲೆ ವಿಮಾ ಕಂಪನಿಗಳು ಎಚ್ಚೆತ್ತವು. 2021ರ ಹೊತ್ತಿಗೆ ಸಾಂಕ್ರಾಮಿಕಕ್ಕೆ ವಿಮೆ ಸಿಗುವುದೇ ಇಲ್ಲ ಅನ್ನುವಂತಾಗಿತ್ತು. ವಿಂಬಲ್ಡನ್‌ಗೂ ಆ ವರ್ಷ ಅದು ಸಿಗಲಿಲ್ಲ. ಇದರಿಂದ ಆಗುವುದು ಏನು? ವಿಮೆ ಇದ್ದವನಿಗೆ ಆರೋಗ್ಯ ಮುಂದಿಟ್ಟುಕೊಂಡು ತೀರ್ಮಾನ ಮಾಡುವ ಧೈರ್ಯ ಇರುತ್ತದೆ. ವಿಮೆ ಇಲ್ಲದವನು ಹೇಗಾದರೂ ನಡೆಸಿಬಿಡೋಣ ಅನ್ನುತ್ತಾನೆ. ಎಲ್ಲ ದೊಡ್ಡ ಕೂಟಗಳ ಮೇಲೂ ಆಗ ಈ ಒತ್ತಡ ಇತ್ತು.

ಐಪಿಎಲ್ ಬಬಲ್ ಕಲಿಸಿದ ಪಾಠ

ಆಟಗಾರರನ್ನು ಹೊರಗಿನವರಿಂದ ದೂರ ಇಡುವ ವ್ಯವಸ್ಥೆ, ಅಂದರೆ ಬಯೋ ಬಬಲ್ ಇದ್ದರೆ ಭಯವಿಲ್ಲ ಅನ್ನುವುದು ಆಯೋಜಕರ ವಾದವಾಗಿತ್ತು. ಅದು ಯಾವಾಗ ನಿಲ್ಲುತ್ತದೆ, ಯಾವಾಗ ಒಡೆಯುತ್ತದೆ ಅಂತ ತಿಳಿಯಲು ಐಪಿಎಲ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2020ರಲ್ಲಿ ಟೂರ್ನಿ ನಡೆದದ್ದು ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ. ಮೂರಕ್ಕೂ ಬಸ್ಸಿನಲ್ಲೇ ಓಡಾಡಬಹುದಿತ್ತು. ಟೂರ್ನಿ ಕೊನೆ ಮುಟ್ಟಿತು. 2021ರಲ್ಲಿ ಭಾರತದ ಆರು ನಗರಗಳನ್ನು ಆರಿಸಿಕೊಂಡರು. ತಂಡಗಳು ಹೋಟೆಲಿನಿಂದ ವಿಮಾನಕ್ಕೆ, ವಿಮಾನದಿಂದ ಮತ್ತೊಂದು ಹೋಟೆಲಿಗೆ ಸಾಗಬೇಕಾಯಿತು. ಏಪ್ರಿಲ್ 9ರಂದು ಶುರುವಾದಾಗಲೇ ಎರಡನೇ ಅಲೆ ಏರುತ್ತಿತ್ತು. ತಿಂಗಳ ಕೊನೆಗೆ ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷ ಹೊಸ ಸೋಂಕು. ಜನ ಆಮ್ಲಜನಕದ ಸಿಲಿಂಡರ್‌ಗೆ ಅಲೆಯುತ್ತಿದ್ದ ಹೊತ್ತಿನಲ್ಲಿ ಟಿವಿಯಲ್ಲಿ ಸಿಕ್ಸರ್‌ಗಳು. ಆರ್‌ಸಿಬಿಯ ಆ್ಯಡಂ ಜಂಪಾ ಮತ್ತು ಕೇನ್ ರಿಚರ್ಡ್ಸನ್ ಮನೆಗೆ ಹೊರಟರು. ಮೇ 3ರಂದು ಕೋಲ್ಕತ್ತ ತಂಡದ ಇಬ್ಬರಿಗೆ ಸೋಂಕು ಕಂಡು ಆರ್‌ಸಿಬಿ ಜೊತೆಗಿನ ಪಂದ್ಯ ನಿಂತಿತು. ಮರುದಿನ ಹೈದರಾಬಾದ್ ಮತ್ತು ಡೆಲ್ಲಿ ತಂಡಗಳಲ್ಲೂ ಸೋಂಕು. 60ರಲ್ಲಿ 29 ಪಂದ್ಯ ಆಗಿದ್ದಾಗ ಟೂರ್ನಿಯೇ ನಿಂತಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಗಬೇಕಿದ್ದ 10 ಪಂದ್ಯಗಳಲ್ಲಿ ಒಂದೂ ಆಗಲಿಲ್ಲ.

ಬಬಲ್ ಅನ್ನುವುದು ಗಾಜಿನ ಗೋಡೆಯಲ್ಲ. ಅಡುಗೆಯವರು, ಚಾಲಕರು, ಮೈದಾನದ ಸಿಬ್ಬಂದಿ ಎಲ್ಲರೂ ಊರಿನವರೇ. ಊರಿನಲ್ಲಿ ಸೋಂಕು ಕಡಿಮೆಯಿದ್ದರೆ ಬಬಲ್ ನಿಲ್ಲುತ್ತದೆ. ಊರೇ ಉರಿಯುತ್ತಿದ್ದರೆ ಒಂದಲ್ಲ ಒಂದು ಬಾಗಿಲಿಂದ ಬಿಸಿ ಒಳಗೆ ಬಂದೇ ಬರುತ್ತದೆ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಭಾರತದ ಮಹಿಳಾ ಹಾಕಿ ತಂಡದಲ್ಲೂ ಏಪ್ರಿಲ್ ಕೊನೆಗೆ ಆಗಿನ ನಾಯಕಿ ರಾಣಿ ರಾಂಪಾಲ್ ಸೇರಿ ಏಳು ಆಟಗಾರ್ತಿಯರಿಗೆ ಸೋಂಕು ತಗುಲಿತ್ತು. ಊರಿಗೆ ಹೋಗಿ ಮರಳಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದು ಗೊತ್ತಾಯಿತು.

ಇಷ್ಟಾದರೂ ಉಳಿದ 31 ಪಂದ್ಯಗಳನ್ನು ಮಂಡಳಿ ಯಾಕೆ ಬಿಡಲಿಲ್ಲ? ಆಗಿನ ಐದು ವರ್ಷದ ಪ್ರಸಾರ ಹಕ್ಕಿನ ಬೆಲೆ 16,347 ಕೋಟಿ ರೂಪಾಯಿ ಇತ್ತು. ಟೂರ್ನಿ ಪೂರ್ತಿಯಾಗದಿದ್ದರೆ ಸುಮಾರು 2,500 ಕೋಟಿ ನಷ್ಟವಾಗಬಹುದು ಅಂತ ಬಿಸಿಸಿಐನ ಆಗಿನ ಅಧ್ಯಕ್ಷ ಸೌರವ್ ಗಂಗೂಲಿ ಹೇಳಿದ್ದರು. ಅಲ್ಲಿಗೆ ಯುಎಇ ವಿಮಾನ ಯಾಕೆ ಅನ್ನುವುದು ಅರ್ಥವಾಗುತ್ತದೆ.

ಟೋಕಿಯೊದಲ್ಲಿ ಎರಡು ವಾದಗಳು

ಕೂಟ ಬೇಡ ಅನ್ನುತ್ತಿದ್ದವರ ಬಳಿ ಬಲವಾದ ಮಾತುಗಳಿದ್ದವು. ಮೇ ತಿಂಗಳಲ್ಲಿ ಒಸಾಕಾದಲ್ಲಿ ಹಾಸಿಗೆ ಸಿಗದೆ ಮನೆಗಳಲ್ಲೇ ಜನ ಸತ್ತರು. ಲಸಿಕೆಯ ಕೆಲಸ ತಡವಾಗಿ ಶುರುವಾಗಿ ನಿಧಾನವಾಗಿ ಸಾಗುತ್ತಿತ್ತು. ಕೂಟಕ್ಕೆ 500 ನರ್ಸ್‌ಗಳನ್ನು ಕಳಿಸಿ ಅಂತ ಸಂಘಟಕರು ಕೇಳಿದಾಗ ನರ್ಸ್‌ಗಳೇ ಸಿಟ್ಟಾದರು. ಕ್ರೀಡಾಪಟುಗಳಿಗಾಗಿ ಹಾಸಿಗೆ ಕಾದಿರಿಸುವುದಿಲ್ಲ ಅಂತ ಹತ್ತಿರದ ಪ್ರಾಂತ್ಯಗಳಾದ ಚಿಬಾ ಮತ್ತು ಇಬರಾಕಿಯ ಗವರ್ನರ್‌ಗಳು ಹೇಳಿಬಿಟ್ಟರು. ಸುಮಾರು 6 ಸಾವಿರ ವೈದ್ಯರಿದ್ದ ಟೋಕಿಯೊದ ಸಂಘವೊಂದು ರದ್ದು ಮಾಡಿ ಅಂತ ಪತ್ರ ಬರೆಯಿತು. ಅಸಾಹಿ ಶಿಂಬುನ್ ಪತ್ರಿಕೆಯ ಸಮೀಕ್ಷೆಯಲ್ಲಿ ಆ ಬೇಸಿಗೆಯಲ್ಲೇ ನಡೆಸಿ ಅಂದವರು ಶೇ 14 ಮಾತ್ರ. ಅದೇ ಪತ್ರಿಕೆ ಕೂಟದ ಪ್ರಾಯೋಜಕರಲ್ಲಿ ಒಂದಾಗಿತ್ತು. ಹಾಗಿದ್ದರೂ ಮೇ 26ರಂದು ಸಂಪಾದಕೀಯ ಬರೆದು, ಕೂಟ ಕೈಬಿಡಿ ಅಂತ ಕೇಳಿತು. ಜೂನ್ 2ರಂದು ಸರ್ಕಾರದ ತಜ್ಞ ಸಮಿತಿಯ ಮುಖ್ಯಸ್ಥ ಶಿಗೆರು ಒಮಿ ಅವರೇ ಸಂಸತ್ತಿನ ಸಮಿತಿಯ ಮುಂದೆ, ಇಂಥ ಹೊತ್ತಿನಲ್ಲಿ ಕೂಟ ನಡೆಸುವುದು ಮಾಮೂಲಿ ಸಂಗತಿಯಲ್ಲ ಅಂದರು. 80 ಸಾವಿರ ಸ್ವಯಂಸೇವಕರಲ್ಲಿ 10 ಸಾವಿರದಷ್ಟು ಮಂದಿ ಹಿಂದೆ ಸರಿದಿದ್ದರು.

ನಡೆಸಿ ಅನ್ನುತ್ತಿದ್ದವರ ಮಾತನ್ನೂ ಕೇಳಬೇಕು. ಫೈಜರ್ ಕಂಪನಿ ಕ್ರೀಡಾಪಟುಗಳಿಗೆ ಲಸಿಕೆ ಕೊಡಲು ಮುಂದೆ ಬಂದಿತ್ತು. ಕ್ರೀಡಾಗ್ರಾಮದಲ್ಲಿ ಇರುವವರಲ್ಲಿ ಶೇ 80ಕ್ಕೂ ಹೆಚ್ಚು ಜನ ಲಸಿಕೆ ಪಡೆದಿರುತ್ತಾರೆ ಅನ್ನುತ್ತಿತ್ತು ಐಒಸಿ. ದಿನವೂ ಪರೀಕ್ಷೆ, ನಗರದಲ್ಲಿ ಓಡಾಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಆಟಗಾರರ ವಯಸ್ಸು. ಬಾಕ್ಸರ್ ಮೇರಿ ಕೋಮ್‌ಗೆ ಆಗ 38. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ವಯೋಮಿತಿ 40 ಇತ್ತು. ಅವರಿಗೆ 2024 ಅನ್ನುವುದು ಇರಲೇ ಇಲ್ಲ. ಐದು ವರ್ಷ ಬೆವರು ಸುರಿಸಿದವರಿಗೆ 'ಜೀವಕ್ಕಿಂತ ಆಟ ದೊಡ್ಡದಾ' ಅಂತ ಕೇಳುವುದು ಸುಲಭ. ಆದರೆ ಆ ಕಷ್ಟದ ಆಯ್ಕೆಯನ್ನು ಅವರು ಮಾಡಿರಲಿಲ್ಲ. ಅವರ ಮೇಲೆ ಅದನ್ನು ಹೊರಿಸಲಾಗಿತ್ತು.

ನನ್ನ ಆಗಿನ ಅಭಿಪ್ರಾಯ ಇಷ್ಟು. ತೀರ್ಮಾನ ಟೋಕಿಯೊದ ಆಸ್ಪತ್ರೆಗಳನ್ನು ನಡೆಸುವವರ ಮಾತಿನಿಂದ ಶುರುವಾಗಬೇಕು. ಕೂಟ ನಡೆದರೂ ಪ್ರೇಕ್ಷಕರು ಇರಬಾರದು. ಮಿಲಾನ್‌ನಲ್ಲಿ ಕಂಡ ಅಪಾಯ ಗ್ಯಾಲರಿಯದ್ದು. ಅದನ್ನು ಖಾಲಿ ಇಟ್ಟರೆ ದೊಡ್ಡ ಭಾರ ಇಳಿಯುತ್ತದೆ. ಸ್ಥಳೀಯ ಪ್ರೇಕ್ಷಕರ ಬಗ್ಗೆ ತೀರ್ಮಾನ 2021ರ ಜೂನ್‌ನಲ್ಲಿ ಬರಬೇಕಿತ್ತು.

ಸದ್ದಿಲ್ಲದೆ ರದ್ದಾದವು

ದೊಡ್ಡ ಕೂಟಗಳಿಗೆ ಬೇರೆ ತಿಂಗಳು, ಬೇರೆ ದೇಶ ಸಿಗುತ್ತದೆ. ಚಿಕ್ಕವಕ್ಕೆ ಸಿಗುವುದಿಲ್ಲ. ಭಾರತ ಮತ್ತು ಮಲೇಷ್ಯಾ ಓಪನ್ ಬ್ಯಾಡ್ಮಿಂಟನ್ ಟೂರ್ನಿಗಳು ಮುಂದೆ ಹೋದವು, ಸಿಂಗಪುರ ಓಪನ್ ರದ್ದಾಯಿತು. ಟೋಕಿಯೊಗೆ ಅರ್ಹತೆ ಗಳಿಸಲು ಉಳಿದಿದ್ದ ಅವಕಾಶಗಳು ಅವೇ. ಮೇ 28ರಂದು ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್, ಇನ್ನು ಅರ್ಹತಾ ಟೂರ್ನಿಗಳಿಲ್ಲ, ರ‍್ಯಾಂಕಿಂಗ್ ಪಟ್ಟಿಯೂ ಬದಲಾಗುವುದಿಲ್ಲ ಅಂದಿತು. ಅಲ್ಲಿಗೆ ಸೈನಾ ನೆಹ್ವಾಲ್ ಮತ್ತು ಕಿದಂಬಿ ಶ್ರೀಕಾಂತ್ ಅವರ ಟೋಕಿಯೊ ಕನಸು ಮುಗಿಯಿತು. ಒಂದು ಪಂದ್ಯವನ್ನೂ ಸೋಲದೆ ಹೊರಬಿದ್ದಂತೆ.

ನಮ್ಮ ಮನೆಯ ಹತ್ತಿರದ ಉದಾಹರಣೆ ರಣಜಿ ಟ್ರೋಫಿ. 87 ವರ್ಷಗಳಲ್ಲಿ ಮೊದಲ ಬಾರಿಗೆ, 2020–21ರ ರಣಜಿಯನ್ನು ಬಿಸಿಸಿಐ ಜನವರಿ ಕೊನೆಗೆ ಕೈಬಿಟ್ಟಿತು. ಅದಕ್ಕೆ ಯುಎಇ ಇರಲಿಲ್ಲ, ಬೇರೆ ತಿಂಗಳೂ ಇರಲಿಲ್ಲ. ಆಡುವ ಹನ್ನೊಂದರಲ್ಲಿ ಇರುವವನಿಗೆ ಆಗ ದಿನಕ್ಕೆ 35 ಸಾವಿರ ರೂಪಾಯಿ ಸಂಭಾವನೆ ಇತ್ತು. ನಾಲ್ಕು ದಿನದ ಪಂದ್ಯಕ್ಕೆ 1.4 ಲಕ್ಷ, ಲೀಗ್ ಹಂತದ ಎಂಟು ಪಂದ್ಯಕ್ಕೆ 11 ಲಕ್ಷ ದಾಟುತ್ತಿತ್ತು. ಎಂಟು ಬಾರಿ ಗೆದ್ದ ಕರ್ನಾಟಕದಂಥ ತಂಡದಲ್ಲೂ ಐಪಿಎಲ್ ಗುತ್ತಿಗೆ ಇಲ್ಲದವರಿಗೆ ವರ್ಷದ ಸಂಪಾದನೆಯ ದೊಡ್ಡ ಭಾಗ ಇದೇ ಆಗಿತ್ತು. ಪರಿಹಾರ ಕೊಡುವ ಮಾತು ಬಂದು ತಿಂಗಳುಗಳಾದರೂ 2021ರ ಜೂನ್ ಹೊತ್ತಿಗೆ ಹಣ ಬಂದಿರಲಿಲ್ಲ. ಆಡದೇ ಇರುವ ವರ್ಷಕ್ಕೆ ಯಾರು ಎಷ್ಟು ಪಂದ್ಯ ಆಡುತ್ತಿದ್ದರು ಅಂತ ಲೆಕ್ಕ ಹಾಕುವುದು ಕಷ್ಟ, ನಿಜ. ಆದರೆ 2019–20ರಲ್ಲಿ ಆಡಿದವರ ಪಟ್ಟಿ ಪ್ರತಿ ರಾಜ್ಯ ಸಂಸ್ಥೆಯ ಬಳಿಯೂ ಇತ್ತು. ಅದನ್ನು ಮುಂದಿಟ್ಟುಕೊಂಡು ಅರ್ಧ ಸಂಭಾವನೆಯನ್ನಾದರೂ ಕೊಡಲು ಅಷ್ಟು ಕಾಯಬೇಕಾಗಿರಲಿಲ್ಲ.